ಏರ್ ಫ್ರೈಯರಿನಲ್ಲಿ ಗೋಳಿಬಜೆ ಆಗ್ತದಾ?

ಕದ್ರಿ ಫ್ಲ್ಯಾಟು:
ಮನೆಯೊಕ್ಕಲಿಗೆ ಅಣ್ಣ ಏರ್ ಫ್ರೈಯರ್ ಕೊಟ್ಟಿದ್ದಾನೆ, ನಾಲ್ಕು ಲೀಟರಿನದ್ದು. ನಿನ್ನೆ ಜೋರು ಮಳೆ. ಗೋಳಿಬಜೆ ಮಾಡುವ ಅಂತ ಹೊರಟೆ. ಮೈದಾ, ಹುಳಿ ಮಜ್ಜಿಗೆ, ಶುಂಠಿ, ಕಾಯಿಮೆಣಸು, ತೆಂಗಿನಕಾಯಿ ಚೂರು, ಚಿಟಿಕೆ ಸೋಡಾ. ಎಲ್ಲ ಅಮ್ಮ ಹೇಳಿದ ಹಾಗೇ. ಬುಟ್ಟಿಗೆ ಬಿಟ್ಟದ್ದೇ ತಡ, ಹಿಟ್ಟು ತೂತುಗಳಲ್ಲಿ ಇಳಿದು ಕೆಳಗೆ ಸೇರಿತು. ಮೇಲೆ ಉಳಿದದ್ದು ದೋಸೆಯೂ ಅಲ್ಲ, ಬಜೆಯೂ ಅಲ್ಲ. ರಾತ್ರಿ ಕೂತು ಬುಟ್ಟಿ ತಿಕ್ಕಿದೆ. ಇದರಲ್ಲಿ ನಮ್ಮ ಕಡೆಯ ತಿಂಡಿ ಏನಾದರೂ ಆಗ್ತದಾ? ಇಲ್ಲ ಬರೀ ಬಟಾಟೆ ಫ್ರೈಸಿಗಾ?

ಬಾಣಲೆ ಭಕ್ತ:
ಹೆಸರಿನಲ್ಲೇ ಮೋಸ ಮಾರಾಯ್ರೆ. ಒಳಗೆ ಇರುವುದು ಕರೆಂಟಿಗೆ ಕಾಯುವ ಒಂದು ಕಾಯಿಲ್, ಅದರ ಮೇಲೊಂದು ಫ್ಯಾನು. ಅಂದರೆ ಸಣ್ಣ ಓವನ್. 2010ರಲ್ಲಿ ಫಿಲಿಪ್ಸ್‌ನವರು ‘ಏರ್ ಫ್ರೈಯರ್’ ಅಂತ ಮಾರಿದರು, ನಾವು ಬಾಣಲೆ ಅಂದುಕೊಂಡು ತಂದೆವು. ‘ಓವನ್’ ಅಂತಿದ್ದರೆ ನೀವು ಅದಕ್ಕೆ ಗೋಳಿಬಜೆ ಹಿಟ್ಟು ಬಿಡುತ್ತಿದ್ದಿರಾ?

ಕಾರ್ಕಳದಕ್ಕ:
ಬೈಯುವುದು ಆಮೇಲೆ, ಮೊದಲು ಕಾರಣ ಹೇಳುವ. ಎಣ್ಣೆ 170–180 ಡಿಗ್ರಿ ಕಾದಿರುತ್ತದೆ. ಹಿಟ್ಟು ಬಿದ್ದ ಕೂಡಲೇ ನಾಲ್ಕೂ ಕಡೆಯಿಂದ ಹಿಡಿದು ಹೊರಗಿನ ಪದರ ಗಟ್ಟಿ ಮಾಡುತ್ತದೆ. ಗಾಳಿ ಅಷ್ಟೇ ಬಿಸಿ ಇದ್ದರೂ ಶಾಖ ಕೊಡುವುದು ನಿಧಾನ. ಗಟ್ಟಿಯಾಗುವ ಮೊದಲೇ ಹಿಟ್ಟು ಹರಿಯುತ್ತದೆ. ಹಾಗಾಗಿ ನೀರು ಹಿಟ್ಟಿನದ್ದು ಯಾವುದೂ ಬೇಡ. ಬಾಳೆಹಣ್ಣು ಕಲಸಿ ಪೂರಿ ಹಾಗೆ ಕರಿಯುವ ಬನ್ಸ್ ಹರಿಯುವುದಿಲ್ಲ ನಿಜ, ಆದರೆ ಎಣ್ಣೆಯಲ್ಲಿ ಉಬ್ಬಿದ ಹಾಗೆ ಉಬ್ಬುವುದಿಲ್ಲ. ಬೇಕರಿ ಬನ್ ಆಗುತ್ತದೆ. ನಾನು ಒಮ್ಮೆ ಮಾಡಿ ನೋಡಿ ಬಿಟ್ಟೆ.

ಚಟ್ಟಂಬಡೆ ಆಗುತ್ತದೆ. ಕಡ್ಲೆಬೇಳೆ ತರಿತರಿ ರುಬ್ಬಿ, ತೆಳ್ಳಗೆ ತಟ್ಟಿ, ಎರಡೂ ಬದಿಗೆ ಎಣ್ಣೆ ಸವರಿ 180ರಲ್ಲಿ ಹದಿನೈದು ನಿಮಿಷ. ಸ್ವಲ್ಪ ಒಣ ಒಣ ಅನಿಸಬಹುದು, ಚಟ್ನಿ ಮಾಡಿಕೊಳ್ಳಿ.

ಮಲ್ಪೆ ಕಡೆಯವ:
ಮೀನು ಬಿಟ್ಟು ಎಲ್ಲ ಮಾತಾಡ್ತಿದ್ದೀರಲ್ಲ. ಬಂಗುಡೆಗೆ ಗೀರು ಹಾಕಿ. ಬ್ಯಾಡಗಿ ಮೆಣಸು, ಹುಣಸೆಹುಳಿ, ಬೆಳ್ಳುಳ್ಳಿ, ಅರಿಶಿನ ಗಟ್ಟಿಯಾಗಿ ಅರೆದು ಹಚ್ಚಿ ಅರ್ಧ ಗಂಟೆ ಇಡಿ. ಮಸಾಲೆ ನೀರಾದರೆ ಕೆಲಸ ಕೆಟ್ಟಿತು. ಮೇಲೆ ಒಂದು ಚಮಚ ತೆಂಗಿನೆಣ್ಣೆ ಸವರಿ 200ರಲ್ಲಿ ಹನ್ನೆರಡರಿಂದ ಹದಿನಾಲ್ಕು ನಿಮಿಷ, ನಡುವೆ ಒಮ್ಮೆ ಮಗುಚಿ. ಬಂಗುಡೆ, ಬೂತಾಯಿಗೆ ತಮ್ಮದೇ ಎಣ್ಣೆ ಉಂಟು, ಅದಕ್ಕೇ ಚೆನ್ನಾಗಿ ಬರುತ್ತದೆ. ಕಾಣೆ ಮೀನು ಹಾಗಲ್ಲ. ಒಣ ರವೆ ಹಚ್ಚಿ ಇಟ್ಟರೆ ಕೊನೆಗೂ ಬೆಳ್ಳಗೆ, ಬಾಯಿಗೆ ಹೊಯ್ಗೆ, ಮರಳಿನ ಹಾಗೆ. ರವೆಗೇ ಮೊದಲು ಎಣ್ಣೆ ಕಲಸಿ ಆಮೇಲೆ ಹಚ್ಚಬೇಕು.

ಈಗ ಹೇಗೂ ಟ್ರಾಲಿಂಗ್ ರಜೆ, ಮಳೆಗಾಲ ಅಂತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಜುಲೈ 31 ಕಳೆಯುವ ತನಕ ಬರೀ ಮಾತು.

ಬಾಣಲೆ ಭಕ್ತ:
ಕಾವಲಿಯಲ್ಲಿ ಮಸಾಲೆ ಅಂಟಿ ಅಡಿಯಲ್ಲಿ ಸೀದ ಚೂರು ಉಂಟಲ್ಲ, ಅದಕ್ಕೇ ನಾವು ಮೀನು ತಿನ್ನುವುದು. ಫ್ಯಾನಿನ ಗಾಳಿಗೆ ಅದು ಒಣಗಿ ಪುಡಿಯಾಗುತ್ತದೆ. ಮತ್ತೆ ನಾಲ್ಕು ಲೀಟರಿನದ್ದರಲ್ಲಿ ಎಷ್ಟು ಬಂಗುಡೆ ಹಿಡಿದೀತು? ಮೂರು? ನಮ್ಮಲ್ಲಿ ಊಟಕ್ಕೆ ಏಳು ಜನ. ಕೊನೆಯವನಿಗೆ ಮೀನು ಬರುವಾಗ ಮೊದಲಿನವನಿಗೆ ಸಂಜೆಯ ಚಹಾ.

ಮಲ್ಪೆ ಕಡೆಯವ:
ಸೀದ ಚೂರಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ.

ಮಣಿಪಾಲ ರೂಮು:
ಏಳು ಜನರ ಲೆಕ್ಕ ಬೇರೆ, ಒಬ್ಬನ ಲೆಕ್ಕ ಬೇರೆ ಅಣ್ಣ. ನನ್ನ ರೂಮಿನಲ್ಲಿ ಗ್ಯಾಸೇ ಇಲ್ಲ. ನನ್ನದು 1500 ವಾಟ್, ಇಪ್ಪತ್ತು ನಿಮಿಷಕ್ಕೆ ಹೆಚ್ಚೆಂದರೆ ಅರ್ಧ ಯೂನಿಟ್. ಮಳೆಗಾಲದಲ್ಲಿ ಇದರ ನಿಜವಾದ ಉಪಯೋಗ ಬೇರೆಯೇ. ಕೋರಿ ರೊಟ್ಟಿಯ ರೊಟ್ಟಿ ಥಂಡಿ ಹಿಡಿದು ಬಗ್ಗುತ್ತದಲ್ಲ, 150ರಲ್ಲಿ ಮೂರು ನಿಮಿಷ ಇಟ್ಟರೆ ಮತ್ತೆ ಕಟಕಟ. ಚಕ್ಕುಲಿಯೂ ಹಾಗೇ. ಬುಟ್ಟಿಯೊಳಗೆ ಸ್ಟೀಲಿನ ಜಾಲರಿ ಸ್ಟ್ಯಾಂಡು ಕವುಚಿ ಇಡಿ. ನಾನು ಇಡದೆ ಉದ್ದಿನ ಹಪ್ಪಳ ಹಾಕಿದ್ದೆ. ಗಾಳಿಗೆ ಹಾರಿ ಕಾಯಿಲಿಗೆ ಅಂಟಿತು. ಹೊಗೆ ನೋಡಿ ಪಕ್ಕದ ರೂಮಿನವನು ಓಡಿ ಬಂದ.

ಉಡುಪಿಯ ಸೊಸೆ:
ಪತ್ರೊಡೆ ಯಾರೂ ಹೇಳಲಿಲ್ಲ! ಹಬೆಯಲ್ಲಿ ಬೇಯಿಸಿದ ಕೆಸುವಿನೆಲೆ ಸುರುಳಿ ಪೂರ್ತಿ ತಣಿಯಲಿ. ಬಿಸಿಯಲ್ಲಿ ಕೊಯ್ದರೆ ಬಿಚ್ಚಿಕೊಳ್ಳುತ್ತದೆ. ಬೆರಳು ದಪ್ಪಕ್ಕೆ ಕೊಯ್ದು ತೆಂಗಿನೆಣ್ಣೆ ಸವರಿ 190ರಲ್ಲಿ ಹತ್ತು ನಿಮಿಷ. ಅಂಚು ಗರಿಗರಿ, ಒಳಗೆ ಮೆತ್ತಗೆ. ಅತ್ತೆಯವರು ಎರಡು ತಿಂದ ಮೇಲೆ ಕೇಳಿದ್ದು, ಕಾವಲಿ ಎಲ್ಲಿಟ್ಟಿದ್ದೀ ಅಂತ.

ತರಕಾರಿ ಹೋಳಿನ ಪೋಡಿಯೂ ಆಗುತ್ತದೆ, ಕಡ್ಲೆಹಿಟ್ಟಿನದ್ದಲ್ಲ. ಉಪ್ಪು, ಮೆಣಸಿನಪುಡಿ, ಇಂಗು ಹಚ್ಚಿ, ಎಣ್ಣೆ ಕಲಸಿದ ರವೆಯಲ್ಲಿ ಹೊರಳಿಸಿದ್ದು. ಜೀಗುಜ್ಜೆ (ದಿವಿಹಲಸು) ಮೊದಲನೇ ನಂಬರ್. ಮಟ್ಟು ಊರಿನ ಬದನೆ ಮಟ್ಟುಗುಳ್ಳ ಹಾಕಬೇಡಿ. 2011ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದ ಗುಳ್ಳವನ್ನು ಹೀಗೆ ಒಣಗಿಸುವುದು ಪಾಪ, ಅದು ಹುಳಿಗೇ ಇರಲಿ. ಇನ್ನೊಂದು, ಒತ್ತಿದರೆ ಹಾರುವ ಡಬ್ಬಿಯ ಎಣ್ಣೆ ಸ್ಪ್ರೇ ತರಬೇಡಿ. ಬುಟ್ಟಿಯ ನಾನ್‌ಸ್ಟಿಕ್ಕಿಗೆ ಅಂಟು ಹಿಡಿಯುತ್ತದೆ, ತಿಕ್ಕಲು ಹೋದರೆ ಪದರ ಹೋಗುತ್ತದೆ. ಬ್ರಶ್ ಸಾಕು.

ಬಾಣಲೆ ಭಕ್ತ:
ಇನ್ನು ಯಾರಾದರೂ ಬಂದು ‘ಆರೋಗ್ಯಕ್ಕೆ ಒಳ್ಳೆಯದು’ ಅಂತಾರೆ, ನೋಡ್ತಾ ಇರಿ.

ಕಾರ್ಕಳದಕ್ಕ:
ನಾನೇ ಹೇಳ್ತೇನೆ. ಎಣ್ಣೆ ಕಡಿಮೆ, ಅದು ಸುಳ್ಳಲ್ಲ. ಆದರೆ ಬಟಾಟೆಯನ್ನು ಜಾಸ್ತಿ ಕೆಂಪು ಮಾಡಿದರೆ ಅಕ್ರಿಲಮೈಡ್ ಎಂಬ ಆರೋಗ್ಯಕ್ಕೆ ಆಗದ ರಾಸಾಯನಿಕ ಆಗುತ್ತದೆ. ಎಣ್ಣೆಯಲ್ಲಾದರೂ ಅಷ್ಟೆ, ಗಾಳಿಯಲ್ಲಾದರೂ ಅಷ್ಟೆ. ಹೊಂಬಣ್ಣಕ್ಕೆ ತೆಗೆಯಿರಿ, ಕಪ್ಪು ಮಾಡಬೇಡಿ. ಮತ್ತೆ ದಿನಾ ಮೂರು ತಟ್ಟೆ ತಿಂದರೆ ಯಾವ ಮೆಷಿನೂ ಏನೂ ಮಾಡಲಾರದು.

ಕದ್ರಿ ಫ್ಲ್ಯಾಟು:
ಎಲ್ಲರಿಗೂ ಥ್ಯಾಂಕ್ಸ್. ಊರಿಂದ ಬಂದ ಹಲಸಿನ ಬೀಜ ಒಂದು ಚೀಲ ಉಂಟು. ಅದನ್ನು ಹುರಿಯಬಹುದಾ?

ಉಡುಪಿಯ ಸೊಸೆ:
ಓಹೋ, ಭರ್ಜರಿ ಆಗುತ್ತದೆ. 180ರಲ್ಲಿ ಇಪ್ಪತ್ತು ನಿಮಿಷ. ಪ್ರತಿಯೊಂದಕ್ಕೂ ಕತ್ತಿಯಿಂದ ಸಣ್ಣ ಗಾಯ ಮಾಡಿ ಹಾಕಿ. ಇಲ್ಲದಿದ್ದರೆ ಒಳಗಿನ ಹಬೆಗೆ ಸಿಡಿಯುತ್ತದೆ. ಅಜ್ಜಿ ಕೆಂಡದಲ್ಲಿ ಸುಡುವಾಗಲೂ ಹೀಗೇ ಮಾಡುತ್ತಿದ್ದರು.

ಕದ್ರಿ ಫ್ಲ್ಯಾಟು:
ಅಕ್ಕ, ನಿಮ್ಮ ಉತ್ತರ ಬರುವ ಮೊದಲೇ ಹಾಕಿಬಿಟ್ಟೆ. ಮೂರು ಸಿಡಿದವು. ಉಳಿದವು ಮಾತ್ರ ಒಳ್ಳೆ ಘಮ ಬರುತ್ತಿದೆ.

ಬಾಣಲೆ ಭಕ್ತ:
ಉಪ್ಪು ಹಾಕಿ ಒಂದು ಮುಷ್ಟಿ ನನಗೂ ಇಟ್ಟಿರಿ. ನಾನು ಬಿಜೈಯಲ್ಲೇ ಇರುವುದು.