ಅಪ್‌ಡೇಟ್: ಮಿಷನ್ ಸೇವೆಗೆ ಮುನ್ನ ಕಾಡಿನ ತರಬೇತಿ

ಕ್ರೈಸ್ತ ಸುವಾರ್ತಾ ಸೇವೆಗೆ, ಅಂದರೆ ಯೇಸುವಿನ ಸಂದೇಶ ಸಾರಲು, ಹೊರಡುವವರಿಗೆ ಕಾಡಿನಲ್ಲಿ ಹೊರೆ ಹೊತ್ತು ತಂಡವಾಗಿ ನಡೆಯುವ ಕಠಿಣ ತರಬೇತಿ ಏಕೆ ಬೇಕು ಎಂದು ಕೇಳಿದ್ದೆ. ಮುಗಿಸಿ ಬಂದಿದ್ದೇನೆ, ಉತ್ತರಿಸಿದ ಎಲ್ಲರಿಗೂ ವಂದನೆಗಳು.

ಒದ್ದೆ ಕಾಲುಚೀಲವನ್ನು ಕೂಡಲೇ ಬದಲಿಸಿ, ಹಿಮ್ಮಡಿ ಉರಿಯತೊಡಗಿದಾಗಲೇ ಟೇಪ್ ಅಂಟಿಸಿ ಎಂಬ ಸಲಹೆ ನಿಜಕ್ಕೂ ಕಾಪಾಡಿತು. ಗುಳ್ಳೆ ಎದ್ದ ಮೇಲೆ ಅಂಟಿಸಿದವರು ಕುಂಟುತ್ತಲೇ ನಡೆದರು.

ದಣಿವಿಗಿಂತ ಕಷ್ಟವಾದದ್ದು ಒಬ್ಬರೊಡನೊಬ್ಬರು ಹೊಂದಿಕೊಳ್ಳುವುದು. ನಿದ್ದೆಗೆಟ್ಟ ಇಬ್ಬರು ಮಳೆಯಲ್ಲಿ ನಕ್ಷೆ ಹಿಡಿದು ಜಗಳಕ್ಕೇ ನಿಂತರು. ನಾಯಕಿ ಎಲ್ಲರನ್ನೂ ಕೂರಿಸಿ, ನೀರು ಕುಡಿಸಿ, ಪ್ರಾರ್ಥಿಸಿ, ಆಮೇಲೆಯೇ ದಿಕ್ಸೂಚಿ ತೆಗೆದರು. ಬೈಬಲಿನಲ್ಲಿ, ಮಾರ್ಕನನ್ನು ಜೊತೆಗೆ ಕರೆದೊಯ್ಯುವ ವಿಷಯದಲ್ಲಿ ಸುವಾರ್ತಾ ಪ್ರಯಾಣದ ಸಂಗಾತಿಗಳಾದ ಪೌಲ, ಬಾರ್ನಬರೇ ಬೇರೆಯಾದರಲ್ಲವೇ! ಅಂಥ ಬಿರುಕು ಹೊರಡುವ ಮುನ್ನವೇ ಕಾಣಿಸಿಕೊಳ್ಳುವುದು ಒಳ್ಳೆಯದು ಎಂದು ಈಗ ನಂಬುತ್ತೇನೆ.

ತರಬೇತಿಯಲ್ಲಿ ಊಟ ತೀರಾ ಕಡಿಮೆ ಮಾಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ತಲೆ ಸುತ್ತುವವರಿಗೆ ಕಡಿದಾದ ಇಳಿಜಾರು ಅಪಾಯ. ತರಬೇತುದಾರರಿಗೆ ಇದನ್ನು ಬರೆದು ಕಳಿಸಿದ್ದೇನೆ.