ರಸ್ಟ್ ಕಲಿಯೋಕೆ ಪಜಲ್ ಬಿಡಿಸೋದು: ಉಪಯೋಗ ಇದೆಯಾ, ಸುಮ್ನೆ ಟೈಂಪಾಸಾ?

ಹೊಸಕೋಡಗ:
ಪೈಥಾನ್ ಸುಮಾರಾಗಿ ಬರುತ್ತದೆ. ಈಗ ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹಿಡಿದಿದ್ದೇನೆ. ಭಾಷೆ ಕೈಗೆ ಹತ್ತಲಿ ಅಂತ ಕೋಡಿಂಗ್ ಪಜಲ್ ಬಿಡಿಸುತ್ತಿದ್ದೇನೆ. ಪಟ್ಟಿಯಲ್ಲಿ ಯಾವ ಎರಡು ಸಂಖ್ಯೆ ಕೂಡಿದರೆ ಇಷ್ಟಾಗುತ್ತದೆ, ಒಂದು ಪದವನ್ನು ಹಿಂದಿನಿಂದ ಓದಿದರೂ ಅದೇ ಬರುತ್ತದಾ, ಇಂಥವೆಲ್ಲ ಆರಾಮಾಗಿ ಆದವು. ಲಿಂಕ್ಡ್ ಲಿಸ್ಟ್ (ಒಂದೊಂದು ನೋಡ್ ಮುಂದಿನದ್ದನ್ನು ಹಿಡಿದಿರುವ ಸರಪಳಿ) ತಿರುಗಿಸಿ ಅಂದ ಕೂಡಲೇ ಗಾಡಿ ನಿಂತಿದೆ. ಲಾಜಿಕ್ ಗೊತ್ತು, ಪೈಥಾನ್‌ನಲ್ಲಿ ನಾಲ್ಕೈದು ಸಾಲು ಅಷ್ಟೇ. ಇಲ್ಲಿ ಮಾತ್ರ ಏನು ಬರೆದರೂ ಇ0507 ಎರರ್. ಬಾರೋ ಮಾಡಿದ್ದರ (ಎರವಲು ಪಡೆದದ್ದರ) ಒಳಗಿಂದ ಮೂವ್ ಮಾಡೋಕಾಗಲ್ಲ (ಎತ್ತಿಕೊಂಡು ಹೋಗೋಕಾಗಲ್ಲ) ಅಂತೆ. ಹೀಗೆ ಪಜಲ್ ಬಿಡಿಸುತ್ತಾ ಹೋದರೆ ರಸ್ಟ್ ಬರುತ್ತದಾ? ಇಲ್ಲ, ಬೇರೆ ದಾರಿ ನೋಡಲಾ?

ಪಾಯಿಂಟರ್_ಪುಟ್ಟಣ್ಣ:
ನೇರವಾಗಿ ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಪಜಲ್ ಕಲಿಯುತ್ತಿದ್ದೀರಿ, ರಸ್ಟ್ ಅಲ್ಲ.

ಪಜಲ್ ಹೇಗಿರುತ್ತದೆ ನೋಡಿ. ಒಂದೇ ಫಂಕ್ಷನ್. ಒಳಗೆ ಒಂದು ವೆಕ್ಟರ್ (ಸಾಲಾಗಿ ಜೋಡಿಸಿದ ಪಟ್ಟಿ) ಬರುತ್ತದೆ, ಹೊರಗೆ ಒಂದು ಸಂಖ್ಯೆ ಹೋಗುತ್ತದೆ. ಡೇಟಾ ಎಲ್ಲ ಆ ಫಂಕ್ಷನ್ ಮುಗಿಯುವ ತನಕ ಅಲ್ಲೇ ಇರುತ್ತದೆ. ಯಾವುದು ಯಾರದ್ದು, ಎಷ್ಟು ಹೊತ್ತು ಇರಬೇಕು, ಯಾವಾಗ ಹೋಗಬೇಕು ಅನ್ನೋ ಪ್ರಶ್ನೆ ಹುಟ್ಟೋದೇ ಇಲ್ಲ. ರಸ್ಟ್ ಇರೋದೇ ಆ ಪ್ರಶ್ನೆಗೆ ಅಲ್ವಾ? ಫೈಲ್ ಸಿಗದಿದ್ದರೆ ಏನು ಮಾಡೋದು ಅಂತ ಯೋಚಿಸಬೇಕಿಲ್ಲ, ಎಲ್ಲ ಕಡೆ ಅನ್‌ರ್ಯಾಪ್ (ತಪ್ಪಾದರೆ ಅಲ್ಲೇ ನಿಲ್ಲಿಸು ಅನ್ನೋದು) ಹಾಕಿದರೆ ಆಯಿತು. ಟ್ರೇಟ್ ಬೇಡ, ಮಾಡ್ಯೂಲ್ ಬೇಡ, ಲೈಫ್‌ಟೈಮ್ ಬೇಡ. ಕೊನೆಗೆ ಪೈಥಾನನ್ನೇ ರಸ್ಟ್ ವ್ಯಾಕರಣದಲ್ಲಿ ಬರೆದ ಹಾಗಾಗುತ್ತದೆ.

ಲಿಂಕ್ಡ್ ಲಿಸ್ಟನ್ನಂತೂ ಈಗ ಬಿಟ್ಟುಬಿಡಿ. ದಿನದ ಕೆಲಸಕ್ಕೆ ವೆಕ್ಟರ್ ಸಾಕು.

ರಾತ್ರಿಪಾಳಿ:
ಪುಟ್ಟಣ್ಣ, ಬಿಟ್ಟುಬಿಡಿ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಅವರು ನಿಂತಿರೋದು ಓನರ್‌ಶಿಪ್ (ಯಾವ ಡೇಟಾ ಯಾರದ್ದು ಅನ್ನೋ ನಿಯಮ) ಬಾಗಿಲಲ್ಲೇ. ಅಲ್ಲಿಂದ ವಾಪಸ್ ಕಳಿಸಿದರೆ ಹೇಗೆ?

ಹೊಸಕೋಡಗ ಅವರೇ, ಕಂಪೈಲರ್ ಹೇಳೋದು ಇಷ್ಟೇ. ನೋಡ್‌ನ ನೆಕ್ಸ್ಟ್ (ಮುಂದಿನ ನೋಡ್ ಇಡುವ ಜಾಗ) ಒಳಗಿರುವ ಬಾಕ್ಸ್ ನಿಮ್ಮದಲ್ಲ, ನೀವು ಅದನ್ನು ಬಾರೋ ಮಾಡಿ ನೋಡುತ್ತಿದ್ದೀರಿ. ಅದನ್ನು ಎತ್ತಿಕೊಂಡು ಹೋದರೆ ಆ ಜಾಗದಲ್ಲಿ ಏನಿರಬೇಕು? ಖಾಲಿ ಬಿಡೋ ಹಾಗಿಲ್ಲ. ಇದಕ್ಕೇ ‘ಇದೆ ಅಥವಾ ಇಲ್ಲ’ ಅಂತ ಹೇಳುವ ಆಪ್ಷನ್‌ನಲ್ಲಿ ಟೇಕ್ ಅಂತ ಒಂದು ಮೆಥಡ್ ಇದೆ. ಒಳಗಿದ್ದುದನ್ನು ನಿಮಗೆ ಕೊಟ್ಟು, ಅಲ್ಲಿ ‘ನನ್’ (ಏನೂ ಇಲ್ಲ ಅನ್ನೋ ಗುರುತು) ಇಡುತ್ತದೆ. ಲಿಸ್ಟ್ ಶುರುವಾಗುವ ಹೆಡ್‌ನಿಂದ ನೋಡನ್ನು ಪೂರ್ತಿ ನಿಮ್ಮದಾಗಿ ತೆಗೆದುಕೊಳ್ಳಿ. ಅದರ ನೆಕ್ಸ್ಟ್ ಮೇಲೆ ಟೇಕ್ ಕರೆದು, ಬಂದದ್ದನ್ನು ಹೆಡ್‌ಗೆ ಹಾಕಿ. ಈಗ ನೆಕ್ಸ್ಟ್ ಜಾಗಕ್ಕೆ ಹಿಂದಿನ ಲಿಸ್ಟ್ ಇಡಿ. ಈ ನೋಡೇ ಇನ್ನು ಮುಂದೆ ಹಿಂದಿನ ಲಿಸ್ಟ್. ಹೆಡ್ ಮುಗಿಯುವ ತನಕ ಇದೇ ಲೂಪ್.

ನಾಲ್ಕು ಸಾಲೇ ಆಯಿತು ನೋಡಿ. ಆದರೆ ಒಂದು ನೋಡ್‌ಗೆ ಯಾವ ಕ್ಷಣದಲ್ಲೂ ಒಬ್ಬನೇ ಓನರ್ ಅನ್ನೋದು ಈ ನಾಲ್ಕು ಸಾಲಿನಲ್ಲಿ ಬೆರಳಿಗೆ ಗೊತ್ತಾಗುತ್ತದೆ. ಇನ್ನೊಂದು ಮಜಾ ಇದೆ. ಹತ್ತಾರು ಲಕ್ಷ ನೋಡ್‌ಗಳ ಇಂಥ ಲಿಸ್ಟ್ ಕಟ್ಟಿ, ಹಾಗೇ ಡ್ರಾಪ್ ಆಗಲು (ಮೆಮೊರಿಯಿಂದ ಹೋಗಲು) ಬಿಡಿ. ಒಂದರ ಡ್ರಾಪ್ ಮುಂದಿನದ್ದರ ಡ್ರಾಪನ್ನು ಕರೆಯುತ್ತಾ ಹೋಗಿ, ಕರೆಗಳಿಗೆ ಇರುವ ಜಾಗ ತುಂಬಿ, ಸ್ಟ್ಯಾಕ್ ಓವರ್‌ಫ್ಲೋ ಆಗುತ್ತದೆ. ಬೇಡವಾದ ಮೆಮೊರಿಯನ್ನು ತಾನೇ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಇರುವ ಕಡೆ ಇಂಥದ್ದು ಕಣ್ಣಿಗೇ ಬೀಳಲ್ಲ.

ಸಿ_ಸೀನ:
ಮೊದಲು ಸಿ ಕಲೀರಿ. ಮ್ಯಾಲಕ್, ಫ್ರೀ ಮಾಡಿ (ಮೆಮೊರಿಯನ್ನು ತಾವೇ ಪಡೆದು, ತಾವೇ ಬಿಟ್ಟು) ಕೈ ಸುಟ್ಟುಕೊಂಡವರಿಗೆ ಮಾತ್ರ ರಸ್ಟ್ ಯಾಕೆ ಬೇಕು ಅಂತ ಅರ್ಥ ಆಗೋದು.

ರಾತ್ರಿಪಾಳಿ:
ಸೀನಣ್ಣ, ಸಿನಲ್ಲಿ ಹೊಸಬರಿಗೆ ಕೈ ಸುಟ್ಟಿದ್ದೇ ಗೊತ್ತಾಗಲ್ಲ, ಅದೇ ತೊಂದರೆ. ಫ್ರೀ ಮಾಡಿದ ಮೆಮೊರಿ ಓದಿದರೂ ಎಷ್ಟೋ ಸಲ ಸರಿಯಾದ ಉತ್ತರವೇ ಬರುತ್ತದೆ. ಪಜಲ್ ಪಾಸ್ ಆಗಿಬಿಡುತ್ತದೆ.

ಸೆಮಿಕೋಲನ್_ಸರೋಜ:
ಸುಲಭದ ಪಜಲ್ ಅಂತ ದಾಟಿ ಬಂದಿರಲ್ಲ, ಅಲ್ಲೇ ಇನ್ನೂ ಸರಕಿದೆ.

ಹಿಂದಿನಿಂದ ಓದಿದರೂ ಒಂದೇ ಬರುವ ಪದದ ಪ್ರೋಗ್ರಾಂ ಬರೆದಿದ್ದೀರಿ ಅಲ್ವಾ? ಅದಕ್ಕೆ ‘ವಿಕಟಕವಿ’ ಕೊಟ್ಟು ನೋಡಿ. ಬಹುಶಃ ಅಲ್ಲ ಅನ್ನುತ್ತದೆ. ಯಾಕೆ? ನಮಗೆ ಕಾಣೋದು 5 ಅಕ್ಷರ. ರಸ್ಟ್‌ನ ‘ಚಾರ್ಸ್’ ಕೊಡೋದು 7 ತುಂಡು, ಯಾಕಂದ್ರೆ ‘ವಿ’ ಅನ್ನೋದು ವ ಮತ್ತು ಗುಡಿಸು ಅಂತ ಎರಡು ಯೂನಿಕೋಡ್ ತುಂಡು. ಮೆಮೊರಿಯಲ್ಲಿ 21 ಬೈಟ್, ಕನ್ನಡದ ಒಂದೊಂದು ತುಂಡಿಗೂ ಯುಟಿಎಫ್-8ರಲ್ಲಿ 3 ಬೈಟ್. ತುಂಡು ತುಂಡಾಗಿ ತಿರುಗಿಸಿದರೆ ಗುಡಿಸು ಎಲ್ಲಕ್ಕಿಂತ ಮುಂದೆ ಬಂದು ಕೂರುತ್ತದೆ, ಅದನ್ನು ಹೊರಲು ವ್ಯಂಜನವೇ ಇರಲ್ಲ. ಪೈಥಾನ್‌ನಲ್ಲೂ ಇದೇ ಗತಿ, ಆದರೆ ಅಲ್ಲಿ ಸೊನ್ನೆಯನೇ ಅಕ್ಷರ ಕೊಡು ಅಂದರೆ ಏನೋ ಒಂದು ಕೊಟ್ಟು ಸುಮ್ಮನಾಗುತ್ತದೆ. ರಸ್ಟ್‌ನಲ್ಲಿ ಸ್ಟ್ರಿಂಗ್‌ಗೆ ಹಾಗೆ ಇಂಡೆಕ್ಸ್ ಹಾಕಿದರೆ ಕಂಪೈಲೇ ಆಗಲ್ಲ. ಬೈಟ್ ಬೇಕಾ, ತುಂಡು ಬೇಕಾ, ಕಣ್ಣಿಗೆ ಕಾಣುವ ಅಕ್ಷರ ಬೇಕಾ ಅಂತ ನೀವೇ ಹೇಳಬೇಕು. ಕೊನೆಯದು ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇಲ್ಲ, ಯೂನಿಕೋಡ್-ಸೆಗ್ಮೆಂಟೇಶನ್ ಅನ್ನೋ ಕ್ರೇಟ್ (ಹೊರಗಿನ ಲೈಬ್ರರಿ) ಬೇಕು.

ಬೈನರಿ ಸರ್ಚ್ (ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕೋದು) ಇನ್ನೊಂದು. ಪುಸ್ತಕದಲ್ಲಿರುವ ಹಾಗೆ ‘ಮೇಲಿನ ಗಡಿ = ಮಧ್ಯ - 1’ ಅಂತ ಬರೆಯುತ್ತೀರಿ. ಮಧ್ಯ ಸೊನ್ನೆ ಆದಾಗ? ಇಂಡೆಕ್ಸ್ ಯೂಸೈಜ್ ಅನ್ನೋ ಬಗೆಯ ಸಂಖ್ಯೆ, ಅದಕ್ಕೆ ಮೈನಸ್ ಗೊತ್ತಿಲ್ಲ. ಪರೀಕ್ಷೆಗೆ ಕಟ್ಟುವ ಡೀಬಗ್ ಬಿಲ್ಡ್‌ನಲ್ಲಿ ಪ್ಯಾನಿಕ್, ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ವೇಗಕ್ಕೆ ಕಟ್ಟುವ ರಿಲೀಸ್ ಬಿಲ್ಡ್‌ನಲ್ಲಿ, 64 ಬಿಟ್ ಯಂತ್ರ ಆದರೆ, ಸೀದಾ 18446744073709551615ಕ್ಕೆ ಸುತ್ತಿಕೊಳ್ಳುತ್ತದೆ. ಮೇಲಿನ ಗಡಿಯನ್ನು ಹುಡುಕಾಟದಿಂದ ಹೊರಗಿಟ್ಟು, ಅದನ್ನು ‘ಮಧ್ಯ’ಕ್ಕೇ ಇಳಿಸುವ ಹಾಗೆ ಬರೆದರೆ ಕಳೆಯುವ ಮಾತೇ ಬರಲ್ಲ. ಇದು ಹೊಸಬರ ತೊಂದರೆ ಅಂತ ನಗಬೇಡಿ. ಜಾವಾದ ಲೈಬ್ರರಿಯಲ್ಲೇ ಮಧ್ಯ ಹುಡುಕಲು ಎರಡು ಗಡಿ ಕೂಡುವಾಗ ಓವರ್‌ಫ್ಲೋ ಆಗುವ ಬಗ್ ವರ್ಷಗಟ್ಟಲೆ ಇತ್ತು. 2006ರಲ್ಲಿ ಜೋಶುವಾ ಬ್ಲಾಕ್ ಅದರ ಬಗ್ಗೆ ಬರೆದರು.

ಅದಕ್ಕೇ ಹೇಳೋದು, ಪಜಲ್ ಚಿಕ್ಕದಾದರೂ ಇದೆಲ್ಲ ಸಿಸ್ಟಮ್ಸ್ ಪಾಠವೇ.

ಪಾಯಿಂಟರ್_ಪುಟ್ಟಣ್ಣ:
ಸರೋಜ ಮೇಡಂ, ವಿಕಟಕವಿ ಚೆನ್ನಾಗಿದೆ. ಆದರೆ ಅದು ಪಜಲ್ ಕಲಿಸಿದ್ದಲ್ಲ, ನೀವು ಕಲಿಸಿದ್ದು. ಪಜಲ್‌ನ ಟೆಸ್ಟ್ ಕೇಸ್‌ನಲ್ಲಿ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಸಾಮಾನ್ಯವಾಗಿ ಇರಲ್ಲ. ಹಸಿರು ಟಿಕ್ ಬಂತು, ಮುಂದಕ್ಕೆ ಹೋದರು.

ಹಸಿರು ಟಿಕ್‌ಗಾಗಿ ಜನ ಏನೇನು ಮಾಡ್ತಾರೆ ಗೊತ್ತಾ? ಟ್ರೀ, ಗ್ರಾಫ್ ಬಂದ ಕೂಡಲೇ ನೋಡ್‌ಗಳನ್ನೆಲ್ಲ ಒಂದು ವೆಕ್ಟರ್‌ಗೆ ಹಾಕಿ, ರೆಫರೆನ್ಸ್ ಬದಲು ಇಂಡೆಕ್ಸ್ ಇಟ್ಟುಕೊಳ್ಳುತ್ತಾರೆ. ಒಳ್ಳೆ ಉಪಾಯವೇ, ನಾನೂ ಬಳಸ್ತೀನಿ. ಆದರೆ ಹೊಸಬರಿಗೆ ಎರವಲು ಸರಿ ಇದೆಯಾ ನೋಡುವ ಬಾರೋ ಚೆಕರ್ ಸುಮ್ಮನಾಯಿತು ಅನ್ನೋದಷ್ಟೇ ಕಾಣುತ್ತದೆ. 7ನೇ ಜಾಗದ ನೋಡ್ ಅಳಿಸಿ ಅಲ್ಲಿ ಬೇರೆಯದನ್ನು ಕೂರಿಸಿದಿರಿ, ಹಳೆಯ 7 ಇನ್ನೂ ಯಾರದ್ದೋ ಕೈಯಲ್ಲಿದೆ. ಮೆಮೊರಿ ಕೆಡಲ್ಲ, ಪ್ಯಾನಿಕ್ಕೂ ಆಗಲ್ಲ. ತಪ್ಪು ನೋಡ್ ಸಿಗುತ್ತದೆ ಅಷ್ಟೇ. ಕಂಪೈಲರ್ ಇದನ್ನು ಹಿಡಿಯಲ್ಲ.

ರಾತ್ರಿಪಾಳಿ:
ಇದನ್ನು ಒಪ್ತೀನಿ. ಹಾಗಂತ ಪಜಲ್ ಎಲ್ಲ ಒಂದೇ ಜಾತಿ ಅಲ್ಲ. ಅಡ್ವೆಂಟ್ ಆಫ್ ಕೋಡ್ ನೋಡಿ, 2015ರಿಂದ ಪ್ರತಿ ಡಿಸೆಂಬರ್‌ನಲ್ಲಿ ಬರುತ್ತಿದೆ. ಅಲ್ಲಿ ವೆಕ್ಟರ್ ಕೈಗೆ ಸಿಗಲ್ಲ, ಒಂದಿಷ್ಟು ಟೆಕ್ಸ್ಟ್ ಸಿಗುತ್ತದೆ. ಅದನ್ನು ನೀವೇ ಪಾರ್ಸ್ ಮಾಡಬೇಕು (ಒಡೆದು ಡೇಟಾ ಮಾಡಿಕೊಳ್ಳಬೇಕು), ಆ ಡೇಟಾದಲ್ಲಿ ಎನಮ್ ಯಾವುದು, ಸ್ಟ್ರಕ್ಟ್ ಯಾವುದು ಅಂತ ನೀವೇ ತೀರ್ಮಾನಿಸಬೇಕು. ಮೊದಲ ಭಾಗ ಬಿಡಿಸಿದ ಮೇಲೆ ಎರಡನೇ ಭಾಗ ತೆರೆದುಕೊಂಡು, ಬರೆದದ್ದನ್ನೇ ತಿದ್ದುವ ಹಾಗೆ ಮಾಡುತ್ತದೆ. ಕೆಲಸದಲ್ಲೂ ಆಗೋದು ಇದೇ ಅಲ್ವಾ? ತೀರಾ ಶುರುವಿನವರಿಗೆ ರಸ್ಟ್ಲಿಂಗ್ಸ್ ಇದೆ. ಅದರಲ್ಲಿ ಮುರಿದ ಚಿಕ್ಕ ಚಿಕ್ಕ ಪ್ರೋಗ್ರಾಂ ಕೊಡ್ತಾರೆ, ಸರಿ ಮಾಡಬೇಕು.

ಸುಮ್ನೆ_ಓದುವವ:
ನಡುವೆ ಒಂದು ಮಾತು. ರಸ್ಟ್ ಪೈಥಾನ್‌ಗಿಂತ ನಿಧಾನ ಅಂತ ಯಾರಾದರೂ ಗೋಳಾಡಿದರೆ ಮೊದಲು ಕೇಳಿ, ಪ್ರೋಗ್ರಾಂ ಓಡಿಸುವ ಕಾರ್ಗೋ ರನ್ ಜೊತೆ ರಿಲೀಸ್ ಹಾಕಿದ್ರಾ ಅಂತ. ಅದನ್ನು ಹಾಕಿಯೂ ನಿಧಾನ ಅಂದರೆ, ಲೂಪ್ ಒಳಗೆ ಸಾಲು ಮುದ್ರಿಸುವ ಪ್ರಿಂಟ್‌ಎಲ್‌ಎನ್ ಇದೆಯಾ ನೋಡಿ. ಪ್ರತಿ ಸಲ ಔಟ್‌ಪುಟ್ ಲಾಕ್ ಮಾಡುತ್ತದೆ. ಔಟ್‌ಪುಟ್ ಕೂಡಿಟ್ಟು ಒಟ್ಟಿಗೆ ಬರೆಯುವ ಬಫ್‌ರೈಟರ್ ಹಾಕಿದರೆ ಹೋಯಿತು.

ಹೊಸಕೋಡಗ:
ಟೇಕ್ ಕೆಲಸ ಮಾಡಿತು, ಥ್ಯಾಂಕ್ಸ್. ವಿಕಟಕವಿ ಅಲ್ಲ ಅಂದಿತು, ಅದೂ ನೋಡಿದೆ.

ಪುಟ್ಟಣ್ಣ ಹೇಳಿದ್ದು ಕೇಳಿ ಪಜಲ್ ಬಿಟ್ಟು ಒಂದು ಚಿಕ್ಕ ಪ್ರೋಗ್ರಾಂ ಶುರು ಮಾಡಿದೆ. ಫೈಲ್ ಓದಿ, ಯಾವ ಪದ ಎಷ್ಟು ಸಲ ಬಂದಿದೆ ಅಂತ ಹ್ಯಾಶ್‌ಮ್ಯಾಪ್‌ನಲ್ಲಿ (ಕೀ ಕೊಟ್ಟರೆ ಅದರ ಜೊತೆ ಇಟ್ಟಿದ್ದನ್ನು ಕೊಡುವ ಕೋಷ್ಟಕದಲ್ಲಿ) ಎಣಿಸೋದು. ಲೂಪ್‌ನಲ್ಲಿ ಒಂದೊಂದು ಸಾಲು ಓದಿ, ಪದ ಒಡೆದು, ಮ್ಯಾಪ್‌ನ ಎಂಟ್ರಿಗೆ ಹಾಕ್ತಿದ್ದೀನಿ. ಇ0597 ಅಂತ ಹೊಸದೊಂದು ಬಂತು. ಸಾಲು ಸಾಕಷ್ಟು ಹೊತ್ತು ಬದುಕಲ್ಲ ಅಂತೆ. ಇಷ್ಟು ದಿನ ಪಜಲ್‌ನಲ್ಲಿ ಇದೇ ಹ್ಯಾಶ್‌ಮ್ಯಾಪ್ ಬಳಸಿದ್ದೆ, ಒಂದು ಸಲವೂ ಬಂದಿರಲಿಲ್ಲ.

ಪಾಯಿಂಟರ್_ಪುಟ್ಟಣ್ಣ:
ಪಜಲ್‌ನಲ್ಲಿ ಟೆಕ್ಸ್ಟ್ ಪೂರ್ತಿ ಕೈಯಲ್ಲೇ ಇರುತ್ತಿತ್ತು, ಅದಕ್ಕೇ ಬರಲಿಲ್ಲ. ಇಲ್ಲಿ ಒಂದೊಂದು ಸಾಲೂ ಲೂಪ್‌ನ ಆ ಸುತ್ತು ಮುಗಿದ ಕೂಡಲೇ ಡ್ರಾಪ್ ಆಗುತ್ತದೆ. ನಿಮ್ಮ ಮ್ಯಾಪ್ ಅದಾದ ಮೇಲೂ ಇರುತ್ತದೆ. ಅದರ ಕೀ ಸಾಲಿನ ಒಳಗೆ ಬೊಟ್ಟು ಮಾಡುವ ಸ್ಲೈಸ್. ಸಾಲು ಹೋದ ಮೇಲೆ ಕೀ ಎಲ್ಲಿಗೆ ಬೊಟ್ಟು ಮಾಡಬೇಕು? ಪದಕ್ಕೆ ಟು_ಸ್ಟ್ರಿಂಗ್ ಹಾಕಿ ಬೇರೆ ನಕಲು ಮಾಡಿ, ಕೀಯನ್ನು ಮ್ಯಾಪ್‌ನದ್ದೇ ಮಾಡಿ.

ಸೆಮಿಕೋಲನ್_ಸರೋಜ:
ನಾನಾದರೆ ರೀಡ್_ಟು_ಸ್ಟ್ರಿಂಗ್‌ನಿಂದ ಫೈಲ್ ಪೂರ್ತಿ ಒಮ್ಮೆಗೇ ಓದಿ, ಸ್ಲೈಸ್ ಕೀ ಹಾಗೇ ಇಟ್ಟುಕೊಳ್ತೀನಿ. ಎಂಟ್ರಿಗೆ ಟು_ಸ್ಟ್ರಿಂಗ್ ಕೊಟ್ಟರೆ ಪದ ಆಗಲೇ ಮ್ಯಾಪ್‌ನಲ್ಲಿ ಇದ್ದರೂ ಪ್ರತಿ ಸಲ ಹೊಸ ಅಲೊಕೇಶನ್ (ಮೆಮೊರಿ ಪಡೆಯೋದು). ಸಾವಿರ ಸಲ ಬರುವ ಪದಕ್ಕೆ ಸಾವಿರ ಸ್ಟ್ರಿಂಗ್ ಮಾಡಿ ಎಸೆಯೋದು ಯಾಕೆ?

ಪಾಯಿಂಟರ್_ಪುಟ್ಟಣ್ಣ:
ಫೈಲ್ 10 ಜಿಬಿ ಇದ್ದರೆ ಪೂರ್ತಿ ಓದ್ತೀರಾ ಮೇಡಂ? ಎಂಟ್ರಿ ಬಿಡಿ. ಮೊದಲು ಗೆಟ್_ಮ್ಯೂಟ್‌ಗೆ ಸ್ಲೈಸನ್ನೇ ಕೊಟ್ಟು ಕೇಳಿ. ಪದ ಸಿಕ್ಕರೆ ಎಣಿಕೆ ಒಂದು ಹೆಚ್ಚಿಸಿ. ಸಿಗದಿದ್ದರೆ ಮಾತ್ರ ಟು_ಸ್ಟ್ರಿಂಗ್ ಮಾಡಿ ಇನ್ಸರ್ಟ್. ಒಂದು ಪದಕ್ಕೆ ಒಂದೇ ಅಲೊಕೇಶನ್.

ಸೆಮಿಕೋಲನ್_ಸರೋಜ:
ಅದು ಸರಿ, ಆದರೆ ಹೊಸ ಪದ ಬಂದಾಗಲೆಲ್ಲ ಎರಡು ಸಲ ಹ್ಯಾಶ್ (ಮ್ಯಾಪ್‌ನಲ್ಲಿ ಜಾಗ ಹುಡುಕುವ ಲೆಕ್ಕ) ಆಗುತ್ತದೆ. ಹೊಸಕೋಡಗ, ಎರಡೂ ಬರೆದು ರಿಲೀಸ್‌ನಲ್ಲಿ ಅಳೆದು ಇಲ್ಲೇ ಹಾಕಿ. ಫೈಲ್ ಸ್ವಲ್ಪ ದೊಡ್ಡದೇ ಇರಲಿ.