ಸ್ಟ್ರೀಟ್ ಫೈಟರ್ 6: ಬ್ಲಾಕ್ ಆದ್ರೂ ಕೈ ನಿಲ್ಲವಲ್ದು, ಹಿಟ್ ಕನ್ಫರ್ಮ್ (ಹೊಡೆತ ಬಿದ್ದಿದ್ದು ನೋಡೇ ಮುಂದಿಂದು ಹೊಡೆಯೋದು) ಹೆಂಗ ಕಲಿಯೋದ್ರಿ?

ಕೇಳಿದವರು, ಕೊಪ್ಪಳ:
ನಮಸ್ಕಾರ್ರಿ. ಈ ಹೊಡೆದಾಟದ ವಿಡಿಯೋ ಗೇಮಿನ್ಯಾಗ ರ‍್ಯೂ ಅನ್ನೋ ಪಾತ್ರ ಹಿಡದು ಆಡಾಕ ಹತ್ತಿ ನಾಕ್ ತಿಂಗಳಾತು. ಕುಂತು ಎರಡು ಲೈಟ್ ಪಂಚ್, ನಿಂತು ಒಂದು, ಆಮ್ಯಾಲ ಶೋರ್ಯುಕೆನ್ (ಮ್ಯಾಲ ಹಾರಿ ಹೊಡೆಯೋ ಪಂಚ್), ಇದು ನನ್ನ ಕಾಂಬೋ, ಅಂದ್ರ ಒಂದರ ಹಿಂದ ಒಂದು ಹೊಡೆತ. ಎದುರಿನವ ಬ್ಲಾಕ್ ಮಾಡಿದ್ರೂ ಶೋರ್ಯುಕೆನ್ ಹೋಗೇ ಬಿಡ್ತೈತಿ, ಕೆಳಗ ಇಳಿಯೋದ್ರಾಗ ಅವ ದೊಡ್ಡ ಕಾಂಬೋ ಹಾಕ್ತಾನ. ಹೆದರಿ ಬಿಟ್ರ ಹಿಟ್ ಆದಾಗೂ ಡ್ಯಾಮೇಜ್ ಇಲ್ಲ. ಗಂಗಾವತಿ ಗೆಳೆಯನ ಜೋಡಿ ಒಂದ ರೂಮಿನ್ಯಾಗ ಕುಂತು ಆಡಿದ್ರೂ ಇದ ಕತಿ, ಅಂದ್ರ ನೆಟ್ ತಪ್ಪಲ್ಲ. ನನ್ನ ರಿಯಾಕ್ಷನ್ನ ಸ್ಲೋ ಏನ್ರಿ?

ಉತ್ತರ, ಬಳ್ಳಾರಿ:
ರಿಯಾಕ್ಷನ್ ಅಲ್ಲ ತಮ್ಮ, ನೀ ನೋಡೋ ಹೊತ್ತು ತಪ್ಪೈತೆ. ಆಟ ಸೆಕೆಂಡಿಗೆ 60 ಫ್ರೇಮ್ (ಒಂದೊಂದು ಚಿತ್ರ) ಓಡ್ತೈತೆ, ಕಣ್ಣಿಗೆ ಕಂಡು ಕೈ ಆಡಾಕೆ ಯಾರಿಗಾದ್ರೂ 200-250 ಮಿಲಿಸೆಕೆಂಡ್ ಬೇಕು, ಅಂದ್ರೆ 12ರಿಂದ 15 ಫ್ರೇಮ್. ಕೊನೇ ಪಂಚ್ ನೋಡಿ ನಿರ್ಧಾರ ಮಾಡ್ತೀನಂದ್ರೆ ಎಂಥವನಿಗೂ ಆಗಲ್ಲ. ಮೊದಲನೇ ಪಂಚ್ ನೋಡು, ಎರಡನೇದು ಹೋಗ್ತಿರುವಾಗ್ಲೇ ಗೊತ್ತಾಗಿರ್ತೈತೆ ಬಿತ್ತೋ ಇಲ್ಲೋ ಅಂತ. ನಿನ್ನ ಕೈ ನೋಡಬೇಡ, ಅವನ ಮೈ ನೋಡು, ತಲೆ ಹಿಂದಕ್ಕೆ ಹೋಯ್ತಾ ಇಲ್ಲಾ ಕೈ ಅಡ್ಡ ಬಂತಾ.

ಇನ್ನೊಂದು ಮುಖ್ಯ, ಈಗ ನಿನ್ನ ತಲೆಯಾಗ "ಹೊಡೀತೀನಿ, ಬ್ಲಾಕಾದ್ರೆ ನಿಲ್ಲಿಸ್ತೀನಿ" ಅಂತ ಐತೆ. ಅದನ್ನ ತಿರುವು: ಎರಡು ಪಂಚಿಗೆ ನಿಲ್ಲಿಸೋದೇ ರೂಢಿ, ಬಿದ್ದಿದ್ದು ಕಂಡ್ರೆ ಮಾತ್ರ ಮುಂದೆ. ಟ್ರೇನಿಂಗ್ ಮೋಡಲ್ಲಿ ಡಮ್ಮಿ (ಅಭ್ಯಾಸದ ಎದುರಾಳಿ) ಗಾರ್ಡ್ (ಬ್ಲಾಕ್) ರ‍್ಯಾಂಡಮ್ ಇಟ್ಟು ದಿನಾ ಹತ್ತು ನಿಮಿಷ ಮಾಡು, ಸಾಕು. ಹತ್ತಕ್ಕೆ ಒಂಬತ್ತು ಸರಿ ಬರೋತನ ಮ್ಯಾಚಲ್ಲಿ ಇದೇ ಯೋಚನೆ ಹಿಡ್ಕಂಡು ಕೂರಬೇಡ.

ಬ್ಲಾಕಾದ್ಮೇಲೆ ಸುಮ್ನೆ ನಿಂತ್ರೆ ಪ್ರೆಷರ್ ಸತ್ತಂಗೆ. ಡ್ರೈವ್ ರಶ್ (ಡ್ರೈವ್ ಬಾರ್ ಖರ್ಚು ಮಾಡಿ ಜೋರಾಗಿ ಮುಂದೆ ನುಗ್ಗೋದು) ಒಳಗಿಂದ ಬಂದ ಬಟನ್ನಿಗೆ 4 ಫ್ರೇಮ್ ಜಾಸ್ತಿ ಸಿಗ್ತೈತೆ, ಮೈನಸ್ 1 (ಅವನಿಗಿಂತ ಒಂದು ಫ್ರೇಮ್ ತಡವಾಗಿ ಬಿಡಿಸ್ಕಳೋದು) ಇರೋದು ಪ್ಲಸ್ 3 (ಮೂರು ಫ್ರೇಮ್ ಮೊದಲೇ) ಆಗ್ತೈತೆ. ಆಗ 6 ಫ್ರೇಮಿನ (ಒತ್ತಿದ ಆರನೇ ಫ್ರೇಮಿಗೆ ತಲುಪೋ) ಬಟನ್ ಒತ್ತು. ಅವ ಬಿಡಿಸ್ಕಂಡ ಮೂರನೇ ಫ್ರೇಮಿಗೇ ನಿಂದು ತಲುಪ್ತೈತೆ, ಅವನ 4 ಫ್ರೇಮ್ ಜಾಬ್ (ಲೈಟ್ ಪಂಚ್) ಇನ್ನೂ ಹೊರಗೇ ಬಂದಿರಲ್ಲ, ಅವನ ಹೊಡೆತ ಶುರುವಾಗ್ತಿದ್ದಾಗ್ಲೇ ನಿಂದು ಬೀಳೋದೇ ಕೌಂಟರ್ ಹಿಟ್. ಕೌಂಟರ್ ಹಿಟ್ಟಿಗೆ ಇನ್ನೂ 2 ಫ್ರೇಮ್ ಸಿಗೋದ್ರಿಂದ ಕನ್ಫರ್ಮ್ ಸುಲಭ ಆಗ್ತೈತೆ. ಎರಡು ಸಲ ಹಿಂಗೆ ಹೊಡೆತ ತಿಂದವ ಕೈ ಬಿಟ್ಟು ಗಾರ್ಡ್ ಹಿಡಿದು ಕೂತ್ಕಂತಾನೆ, ಅವಾಗ ಥ್ರೋ (ಹಿಡಿದು ಎಸೆಯೋದು, ಇದಕ್ಕೆ ಬ್ಲಾಕ್ ನಡೆಯಲ್ಲ). ಆದ್ರೆ ನಾರ್ಮಲ್ಲಿಂದ (ಸಾದಾ ಪಂಚ್, ಕಿಕ್) ಕ್ಯಾನ್ಸಲ್ ಮಾಡಿ, ಅಂದ್ರೆ ಅದನ್ನ ಅರ್ಧಕ್ಕೇ ಬಿಟ್ಟು, ರಶ್ ಹೋದ್ರೆ ಆರರಾಗ ಮೂರು ಬಾರ್ ಹೋಗ್ತೈತೆ, ಪ್ರತಿ ಸಲ ಮಾಡಿದ್ರೆ ಬರ್ನೌಟ್ (ಬಾರ್ ಪೂರಾ ಖಾಲಿ) ಆಗೋನು ನೀನೇ.

ಉತ್ತರ, ರಾಯಚೂರು:
ಅಣ್ಣಾವ್ರು ಹೇಳಿದ್ದು ಖರೇ ಅದ. ಅದರ ಜೊತಿಗೆ ಟಿವಿ ಮ್ಯಾಲ ಆಡ್ತಿದ್ರ ಸೆಟ್ಟಿಂಗ್ಸ್‌ನಾಗ ಗೇಮ್ ಮೋಡ್ ಆನ್ ಮಾಡ್ರಿ, ಇಲ್ಲಾಂದ್ರ ಚಿತ್ರ ತಡವಾಗಿ ಕಾಣ್ತದ, ನಿಮ್ಮ ಕೈ ಚಲೋ ಇದ್ರೂ ಲೇಟ್ ಅನಿಸ್ತದ.

ಕೇಳಿದವರು, ಎಂಟು ದಿನದ ಮ್ಯಾಲ:
ಟಿವಿ ಗೇಮ್ ಮೋಡ್ ಆಫ್ ಇತ್ರಿ, ಹಾಕಿದೆ, ಫರಕ್ ಕಂಡ್ತು. ಮೊದಲನೇ ಪಂಚ್ ನೋಡೋದು ಮೂರ್ನಾಕ್ ದಿನ ಕಣ್ಣಿಗೆ ಹತ್ಲಿಲ್ಲ, ಈಗ ಹತ್ತಕ್ಕ ಏಳು ಬರಾಕ ಹತ್ತೈತಿ. ನಿನ್ನೆ ಗೆಳೆಯ ನನ್ನ ಶೋರ್ಯುಕೆನ್ನಿಗೇ ಕಾಯ್ಕೊಂತ ಬ್ಲಾಕ್ ಹಿಡದು ಕುಂತಿದ್ದ, ನಾ ಎರಡು ಪಂಚಿಗೆ ನಿಲ್ಲಿಸಿ ನಡಕೊಂತ ಹೋಗಿ ಥ್ರೋ ಹೊಡದೆ. ಒಂದ ರೌಂಡಿನ್ಯಾಗ ಮೂರು ಸಲರಿ. ಈಗ ಅವ ಥ್ರೋ ತಪ್ಪಿಸಾಕ ಜಿಗಿಯಾಕ ಹತ್ಯಾನ, ಅದಕ್ಕ ಏನ್ ಮಾಡ್ಲಿ ಅಣ್ಣಾ?

ಉತ್ತರ, ಬಳ್ಳಾರಿ:
ಜಿಗಿಯಾಕೆ ಹತ್ಯಾನಂದ್ರೆ ನಿಂಗೆ ಹೆದರ್ಯಾನೆ. ಎರಡು ಪಂಚ್ ಆದ್ಮೇಲೆ ಒಂದು ಉಸಿರು ತಡೆದು ಶೋರ್ಯುಕೆನ್ ಹಾಕು, ಈ ಸಲ ಮೇಲೆ ನೋಡಿ.